ನಮ್ಮ ದನಿಗೆ ಕಂಪನಿಯ ಬೀಗವೇಕೆ?

ಮಾನ್ಯ ಸಂಪಾದಕರೇ,

2006ರ ಶ್ರಾವಣದಲ್ಲಿ ಜೇವರ್ಗಿ ತಾಲ್ಲೂಕಿನ ನಮ್ಮೂರಿನ ಮಠದ ಕಟ್ಟೆಯ ಮೇಲೆ ನಮ್ಮ ದೊಡ್ಡಪ್ಪ ಏಕತಾರಿ ಹಿಡಿದು ಬೆಳತನಕ ತತ್ವಪದ ಹಾಡಿದ್ದನ್ನು, ಅಂಗೈಯಗಲದ ಮ್ಯೂಸಿಕ್ ಪ್ಲೇಯರ್‌ಗೆ ಮೈಕ್ ಸಿಕ್ಕಿಸಿ ಮುದ್ರಿಸಿಕೊಂಡಿದ್ದೆ. ದೊಡ್ಡಪ್ಪ ಈಗಿಲ್ಲ. ಅವರ ಮರಿಮಕ್ಕಳಿಗೆ ಕೇಳಿಸೋಣವೆಂದು ಮೊನ್ನೆ ಆ ಫೈಲುಗಳನ್ನು ಮೊಬೈಲಿಗೆ ಹಾಕಿದರೆ ಒಂದೂ ತೆರೆಯಲಿಲ್ಲ. ಫೈಲುಗಳೇನೂ ಕೆಟ್ಟಿಲ್ಲ, ಆ ಪ್ಲೇಯರ್ ಅವನ್ನು ತನ್ನ ಕಂಪನಿಯದೇ ಫಾರ್ಮ್ಯಾಟ್‌ನಲ್ಲಿ (ಧ್ವನಿಯನ್ನು ಫೈಲಾಗಿ ಬರೆದಿಡುವ ವಿಧಾನದಲ್ಲಿ) ಉಳಿಸಿದೆ, ಮೇಲಾಗಿ ಕಂಪನಿಯ ಸಾಫ್ಟ್‌ವೇರ್ ಅವನ್ನು ನನ್ನ ಹಳೆಯ ಕಂಪ್ಯೂಟರಿನಲ್ಲಿ ಮಾತ್ರ ನುಡಿಯುವಂತೆ ಬಂಧಿಸಿದೆ. ಆ ಕಂಪ್ಯೂಟರ್ ಗುಜರಿ ಸೇರಿ ಎಷ್ಟೋ ವರ್ಷವಾಯಿತು. ಸಿನಿಮಾ ಹಾಡುಗಳ ನಕಲು ತಡೆಯಲೆಂದು ಮಾಡಿದ ಬೀಗ, ನಮ್ಮ ಮನೆಯ ಹಿರಿಯರ ದನಿಗೂ ಬಿದ್ದಿದೆ.

ಕಲಬುರಗಿಯ ಸೂಪರ್ ಮಾರ್ಕೆಟ್‌ನ ರಿಪೇರಿ ಅಂಗಡಿಯ ಹುಡುಗನೊಬ್ಬ, ಪ್ಲೇಯರ್‌ನೊಳಗೇ ಉಳಿದಿದ್ದ ನಾಲ್ಕು ಪದಗಳನ್ನು ಹೆಡ್‌ಫೋನಿನ ತೂತಿನಿಂದ ವೈರ್ ಎಳೆದು ಬೇರೊಂದು ಯಂತ್ರಕ್ಕೆ ಇಳಿಸಲು ಕುಳಿತ. ಮೂರು ಬಂದವು. ನಾಲ್ಕನೆಯದು ಅಂಕಿತ ಬರುವ ಮೊದಲೇ ನಿಂತಿತು. ಉಬ್ಬಿದ ಬ್ಯಾಟರಿ ಮತ್ತೆ ಚಾರ್ಜ್ ಹಿಡಿಯಲಿಲ್ಲ. ಅರ್ಧ ದಿನ ಕೂತರೂ ಆತ ಹಣ ಮುಟ್ಟಲಿಲ್ಲವೆಂಬುದನ್ನು ಇಲ್ಲಿ ನೆನೆಯಲೇಬೇಕು.

ಯಾವ ಕಂಪನಿ ಬೇಕಾದರೂ ಬಳಸಬಹುದಾದ ಮುಕ್ತ ಫಾರ್ಮ್ಯಾಟ್‌ಗಳು ಅಂದೂ ಇದ್ದವು. ಯಾರಿಗೂ ಪರವಾನಗಿ ಶುಲ್ಕ ಕಟ್ಟಬೇಕಿಲ್ಲದ ಫ್ಲ್ಯಾಕ್ 2001ರಲ್ಲಿ, ಓಗ್ ವೋರ್ಬಿಸ್ 2002ರಲ್ಲಿ ಸಿದ್ಧವಾಗಿದ್ದವು. ಎಂಪಿ3ಯ ಪೇಟೆಂಟ್ ಪರವಾನಗಿ ವ್ಯವಸ್ಥೆಯೂ 2017ರಲ್ಲಿ ಮುಗಿಯಿತು. ತಾನು ಮಾರುವ ಹಾಡುಗಳ ಮೇಲಿನ ಬೀಗವನ್ನು ಆ್ಯಪಲ್ 2009ರಲ್ಲೇ ತೆಗೆದುಹಾಕಿತು. ಹೀಗಿರುವಾಗ ಗ್ರಾಹಕನನ್ನು ಒಂದೇ ಕಂಪನಿಯ ಯಂತ್ರಕ್ಕೆ ಕಟ್ಟಿಹಾಕುವ ಆಸೆಯ ಹೊರತು, ಇಂಥ ಖಾಸಗಿ ಫಾರ್ಮ್ಯಾಟ್‌ಗಳಿಗೆ ಬೇರೆ ಕಾರಣ ನನಗೆ ಕಾಣುವುದಿಲ್ಲ.

ಕೊಳ್ಳುವ ವಸ್ತುವಿನ ಗುಣಮಟ್ಟದ ಮಾಹಿತಿ ಪಡೆಯುವುದು ಗ್ರಾಹಕನ ಹಕ್ಕೆಂದು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಹೇಳುತ್ತದೆ. ಯಂತ್ರ ಯಾವ ಫಾರ್ಮ್ಯಾಟ್‌ನಲ್ಲಿ ಧ್ವನಿ ಉಳಿಸುತ್ತದೆ, ಅದು ಬೇರೆಡೆ ತೆರೆಯುತ್ತದೆಯೇ ಎಂಬುದನ್ನು ಡಬ್ಬಿಯ ಮೇಲೆ ಕನ್ನಡದಲ್ಲಿ ಮುದ್ರಿಸುವುದನ್ನು ಸರ್ಕಾರ ಕಡ್ಡಾಯಗೊಳಿಸಬೇಕು. ಮಾದರಿಯೊಂದರ ತಯಾರಿಕೆ ನಿಲ್ಲಿಸುವ ಕಂಪನಿ, ಹಳೆಯ ಫೈಲುಗಳ ಬೀಗ ತೆಗೆದು ಸಾಮಾನ್ಯ ಫಾರ್ಮ್ಯಾಟ್‌ಗೆ ಬದಲಿಸುವ ಸಾಧನವನ್ನು ಉಚಿತವಾಗಿ ಕೊಟ್ಟೇ ನಿಲ್ಲಿಸಬೇಕು. ನಮ್ಮ ಭಾಗದ ಭಜನೆ, ಮೊಹರಂ ಪದಗಳಲ್ಲಿ ಎಷ್ಟೋ ಪದಗಳು ಪುಸ್ತಕಕ್ಕೆ ಬಂದಿಲ್ಲ, ಹಾಡುವವರ ಬಾಯಲ್ಲಷ್ಟೇ ಇವೆ. ಅವನ್ನು ಧ್ವನಿಮುದ್ರಿಸಿಕೊಳ್ಳುತ್ತಿರುವ ಯುವಕರು ಇಂದೇ ತಮ್ಮ ಫೈಲನ್ನು ಬೇರೆ ಮೊಬೈಲಿನಲ್ಲಿ ಒಮ್ಮೆ ನುಡಿಸಿ ನೋಡಲಿ. ತೆರೆಯದ ನನ್ನ 23 ಫೈಲುಗಳನ್ನು ಎರಡು ಪೆನ್‌ಡ್ರೈವ್‌ಗಳಲ್ಲಿ ಕಾಪಾಡಿಕೊಂಡಿದ್ದೇನೆ. ಅವನ್ನು ತೆರೆಯುವ ದಾರಿ ಬಲ್ಲ ಓದುಗರು ಈ ಅಂಕಣದಲ್ಲೇ ತಿಳಿಸಬೇಕೆಂದು ಕೋರುತ್ತೇನೆ.

– ನಿವೃತ್ತ ಶಿಕ್ಷಕ, ಕಲಬುರಗಿ