ಮಗಳಿಗೊಂದು ಪತ್ರ: ಮೊದಲು ಅಲೆ, ಆಮೇಲೆ ಈಟಿ

ಪ್ರೀತಿಯ ಪುಟ್ಟಿ,

ಈ ಸಲ ಚಳಿಗಾಲ ಪೂರ್ತಿ ಊರಲ್ಲೇ ಇದ್ದು ಕೆಲಸ ಮಾಡುತ್ತೇನೆ, ಬೆಳಿಗ್ಗೆ ಸರ್ಫಿಂಗ್ ಕಲಿಯುತ್ತೇನೆ, ನೀರಿಗಿಳಿದು ಈಟಿಯಲ್ಲಿ ಮೀನು ಹೊಡೆಯುವುದನ್ನೂ ಕಲಿಯುತ್ತೇನೆ ಅಂತ ನೀನು ಹೇಳಿದಾಗಿನಿಂದ ನಿನ್ನ ಅಮ್ಮನಿಗೆ ಸರಿಯಾಗಿ ನಿದ್ದೆ ಇಲ್ಲ. ನನಗೆ ಮಾತ್ರ ಖುಷಿಯೇ ಜಾಸ್ತಿ. ಕಾಪುವಿನಲ್ಲಿ ಹುಟ್ಟಿದ ಹುಡುಗಿ ಬೆಂಗಳೂರಿನ ಈಜುಕೊಳದಲ್ಲಿ ಈಜು ಕಲಿತಳಲ್ಲ ಅಂತ ಮನಸ್ಸಿನಲ್ಲಿ ಒಂದು ಬೇಸರ ಇತ್ತು. ಈಗ ನೀನೇ ಸಮುದ್ರಕ್ಕೆ ಇಳಿಯುತ್ತೇನೆ ಅನ್ನುವಾಗ ಬೇಡ ಅನ್ನಲು ಬಾಯಿ ಬರುವುದಿಲ್ಲ. ಆದರೆ ಫೋನಿನಲ್ಲಿ ಹೇಳಿದರೆ "ಆಯ್ತಪ್ಪ, ಆಯ್ತಪ್ಪ" ಅಂತ ಮುಗಿಸಿಬಿಡುತ್ತೀ. ಅದಕ್ಕೇ ಬರೆಯುತ್ತಿದ್ದೇನೆ. ಪೂರ್ತಿ ಓದು.

ಎರಡನ್ನೂ ಒಟ್ಟಿಗೆ ಶುರು ಮಾಡಬೇಡ. ನವೆಂಬರ್, ಡಿಸೆಂಬರ್ ಸರ್ಫಿಂಗ್ ಹಲಗೆಯ ಮೇಲಿರು. ಈಟಿ ಜನವರಿಗೆ ಇರಲಿ. ಇದು ಅಪ್ಪನ ಹಟ ಅಂದುಕೊಳ್ಳಬೇಡ, ಸಮುದ್ರದ ಲೆಕ್ಕವೇ ಹಾಗಿದೆ.

ಮಳೆಗಾಲದಲ್ಲಿ ನಮ್ಮ ಸಮುದ್ರ ಹೇಗಿರುತ್ತದೆ ಅಂತ ನಿನಗೆ ಗೊತ್ತು. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳೂ ದಡದಲ್ಲೇ. ಮಳೆ ನಿಂತ ಮೇಲೂ ನದಿಗಳು ಕೆಂಪು ನೀರನ್ನು ತಂದು ಸುರಿಯುತ್ತಲೇ ಇರುತ್ತವೆ, ಆಗ ನೀರಿನೊಳಗೆ ನಿನ್ನ ಕೈ ನಿನಗೇ ಕಾಣದು. ದೀಪಾವಳಿ ಕಳೆದ ಮೇಲೆ ಮಣ್ಣು ಕೂರಲು ಶುರುವಾಗುತ್ತದೆ. ಜನವರಿ ಹೊತ್ತಿಗೆ ಬಂಡೆಗಳ ಹತ್ತಿರ ನೀರು ತಿಳಿಯಾಗುತ್ತದೆ. ಅದರಲ್ಲೂ ಅಷ್ಟಮಿಯ ಆಸುಪಾಸಿನ ದಿನಗಳನ್ನು ನೋಡಿಟ್ಟುಕೋ. ಅಮಾವಾಸ್ಯೆ, ಹುಣ್ಣಿಮೆಗೆ ಉಬ್ಬರ ಇಳಿತ ಜೋರಾಗಿ ತಳದ ಹೊಯಿಗೆಯೆಲ್ಲ ಏಳುತ್ತದೆ. ಅಷ್ಟಮಿಗೆ ನೀರು ಓಡಾಡುವುದು ಕಡಿಮೆ, ಹಾಗಾಗಿ ತಿಳಿ ಜಾಸ್ತಿ. ಮನೆಯ ಪಂಚಾಂಗ ಸಾಕು, ಆ್ಯಪ್ ಬೇಕಂತಿಲ್ಲ.

ಚಳಿಗಾಲ ಅಂದರೂ ನೀರು ಬೆಚ್ಚಗೇ ಇರುತ್ತದೆ, 27–28 ಡಿಗ್ರಿ. ಹೊರದೇಶದ ವಿಡಿಯೋ ನೋಡಿ ದಪ್ಪ ರಬ್ಬರ್ ಸೂಟಿಗೆ ದುಡ್ಡು ಹಾಕಬೇಡ. ಬಿಸಿಲಿಗೂ ಬಂಡೆಯ ತರಚಿಗೂ ಉದ್ದ ತೋಳಿನ ಈಜುಬಟ್ಟೆ ಸಾಕು.

ಗಾಳಿಯನ್ನು ಮಾತ್ರ ಕಲಿತುಕೋ. ಈ ತಿಂಗಳುಗಳಲ್ಲಿ ಬೆಳಗಿನ ಜಾವ ಮೂಡುಗಾಳಿ, ಘಟ್ಟದ ಕಡೆಯಿಂದ ಸಮುದ್ರಕ್ಕೆ. ಎದುರಿನಿಂದ ಬೀಸುವ ಆ ಗಾಳಿಗೆ ಅಲೆಯ ಮುಖ ನಯವಾಗಿ ನಿಲ್ಲುತ್ತದೆ, ಬೇಗ ಮುರಿಯುವುದಿಲ್ಲ. ಹೊತ್ತು ಏರಿದ ಮೇಲೆ ಪಡುಗಾಳಿ ತಿರುಗುತ್ತದೆ, ಎಲ್ಲ ಕಲಸಿಹೋಗುತ್ತದೆ. ಹಾಗಾಗಿ ಬೆಳಕು ಹರಿಯುವಾಗ ನೀರಿನಲ್ಲಿರಬೇಕು, ಹತ್ತು ಗಂಟೆಗೆ ಮನೆಯಲ್ಲಿ ನಿನ್ನ ಲ್ಯಾಪ್‌ಟಾಪ್ ಮುಂದೆ. ನಿನ್ನ ಕೆಲಸಕ್ಕೂ ಅದೇ ಸರಿ, ಅಲ್ವಾ?

ಇಲ್ಲಿ ಗಾಳಿಯೇ ಇಲ್ಲದ ದಿನವೂ ವಾಯವ್ಯದಿಂದ ಅಲೆ ಬರುವುದುಂಟು. ಗಲ್ಫ್ ಕಡೆ ಚಳಿಗಾಲದಲ್ಲಿ ಶಮಾಲ್ ಅನ್ನುವ ಗಾಳಿ ಬೀಸುತ್ತದೆ. ಅದು ಎಬ್ಬಿಸಿದ ಅಲೆ ಅರಬ್ಬೀ ಸಮುದ್ರ ದಾಟಿ ನಮ್ಮ ದಡದವರೆಗೂ ತಲುಪುತ್ತದೆ. ನಮ್ಮ ಊರಿನವರು ದುಡಿಯಲು ಹೋದ ದೇಶಗಳ ಗಾಳಿಯೇ ಇಲ್ಲಿ ಅಲೆಯಾಗಿ ಬರುತ್ತದೆ ಅಂತ ತಿಳಿದ ಮೇಲೆ ನಾನು ಆ ಅಲೆಗಳನ್ನು ನೋಡುವ ರೀತಿಯೇ ಬದಲಾಯಿತು. ಮಳೆಗಾಲದ ಮುಂದೆ ಅವು ಚಿಕ್ಕವು. ಮೊಣಕಾಲಿನಿಂದ ಸೊಂಟದವರೆಗೆ ಬಂದರೆ ಹೆಚ್ಚು. ಕಲಿಯುವವರಿಗೆ ಅಷ್ಟೇ ಬೇಕು.

ಕಲಿಯಲು ಮೂಲ್ಕಿಗೆ ಹೋಗು, ಇಲ್ಲಿಂದ ಅರ್ಧ ಗಂಟೆ. ಅಮೆರಿಕದಿಂದ ಬಂದ, ಎಲ್ಲರೂ ಸರ್ಫಿಂಗ್ ಸ್ವಾಮಿ ಅಂತ ಕರೆಯುತ್ತಿದ್ದ ಜ್ಯಾಕ್ ಹೆಬ್ನರ್ ಅಲ್ಲಿ 2004ರಲ್ಲಿ ಆಶ್ರಮ ಶುರು ಮಾಡಿದಾಗ, ಹಲಗೆಯ ಮೇಲೆ ನಿಲ್ಲುವವರನ್ನು ನೋಡಲು ಜನ ಸೇರುತ್ತಿದ್ದರು. ಈಗ ಊರಿನ ಮಕ್ಕಳೇ ಕಲಿಸುವವರಾಗಿದ್ದಾರೆ. ನಿಂತು ಹುಟ್ಟು ಹಾಕುವ ಪ್ಯಾಡಲ್ ಬೋರ್ಡಿನಲ್ಲಿ ದೇಶಕ್ಕೆ ಹೆಸರು ತಂದ ತನ್ವಿ ಜಗದೀಶ್ ಮೂಲ್ಕಿಯ ನೀರಿನಲ್ಲೇ ಬೆಳೆದವಳು. ಬಡಗು ದಿಕ್ಕಿಗೆ ಹೋದರೆ ಕೋಡಿ ಬೆಂಗ್ರೆ. ದೇಶದ ಮೊದಲ ವೃತ್ತಿಪರ ಮಹಿಳಾ ಸರ್ಫರ್ ಅನ್ನಿಸಿಕೊಂಡ ಇಶಿತಾ ಮಾಳವೀಯ ಗೆಳೆಯನ ಜೊತೆ ಕ್ಲಬ್ ಕಟ್ಟಿದ್ದು ಅಲ್ಲಿ. ಹೆಣ್ಣುಮಕ್ಕಳಿಗೆ ಇದು ಆಗದ ಕೆಲಸ ಅಂತ ಯಾರಾದರೂ ಅಂದರೆ ಈ ಇಬ್ಬರ ಹೆಸರು ಹೇಳು, ಸಾಕು.

ಮೊದಲ ದಿನಗಳಲ್ಲಿ ಎಂಟೊಂಬತ್ತು ಅಡಿಯ ಮೆತ್ತನೆಯ ಹಲಗೆಯನ್ನೇ ಕೇಳು. ಚಿಕ್ಕ ಹಲಗೆ ಚೆಂದ ಕಾಣುತ್ತದೆ, ಆದರೆ ಅದರ ಮೇಲೆ ನಿಲ್ಲಲು ಆಗುವುದಿಲ್ಲ. ಬೀಳುವಾಗ ತಲೆ ಮುಂದೆ ಮಾಡಬೇಡ, ಅಂಗಾತವಾಗಿ ಚಪ್ಪಟೆ ಬೀಳು. ಮೇಲೆ ಬರುವಾಗ ಎರಡೂ ಕೈ ತಲೆಗೆ ಅಡ್ಡ ಇಡು, ನಿನ್ನದೇ ಹಲಗೆ ಬಂದು ಬಡಿಯುವುದುಂಟು. ನೀರಿಗಿಳಿಯುವ ಮುಂಚೆ ದಡದಲ್ಲಿ ಸ್ವಲ್ಪ ಹೊತ್ತು ಸುಮ್ನೆ ನಿಂತು ನೋಡು. ಎಲ್ಲಾ ಕಡೆ ನೊರೆ ಇದ್ದು ಒಂದು ಕಡೆ ಮಾತ್ರ ನೀರು ಸಪಾಟಾಗಿ, ಸ್ವಲ್ಪ ಮಂಕಾಗಿ ಕಂಡರೆ ಹೊಸಬರು ಅಲ್ಲೇ ಇಳಿಯುತ್ತಾರೆ, ಅಲೆ ಇಲ್ಲ ಅಂತ. ಅದೇ ಸೆಳೆತ. ದಡಕ್ಕೆ ಬಂದ ನೀರೆಲ್ಲ ವಾಪಸು ಹೋಗುವ ದಾರಿ. ಸಿಕ್ಕಿಕೊಂಡರೆ ದಡಕ್ಕೆ ಎದುರಾಗಿ ಈಜಿ ಸುಸ್ತಾಗಬೇಡ. ಹಲಗೆ ಬಿಡಬೇಡ. ಪಕ್ಕಕ್ಕೆ, ತೆಂಕಕ್ಕೋ ಬಡಗಕ್ಕೋ ಹೋಗಿ, ನೊರೆ ಕಾಣುವಲ್ಲಿ ತಿರುಗು. ಶಾಂಭವಿ, ನಂದಿನಿ ಸಮುದ್ರ ಸೇರುವ ಸಸಿಹಿತ್ಲು ಅಳಿವೆಯಲ್ಲಿ ಅಲೆ ಚೆಂದ, ಆದರೆ ಇಳಿತದ ಹೊತ್ತಿಗೆ ನದಿಯೂ ಹೊರಗೆ ಎಳೆಯುತ್ತದೆ. ಕಲಿಸುವವರು ಜೊತೆಗಿಲ್ಲದೆ ಅಲ್ಲಿ ಬೇಡ.

ಈ ಎರಡು ತಿಂಗಳಲ್ಲಿ ನಿನ್ನ ಮೈ ಸಮುದ್ರವನ್ನು ಕಲಿತಿರುತ್ತದೆ. ಅಲೆ ಗುಂಪಾಗಿ ಬರುವುದು, ನಡುವೆ ಬಿಡುವು ಕೊಡುವುದು, ನೀರು ಯಾವ ಕಡೆ ತಳ್ಳುತ್ತಿದೆ ಅನ್ನುವುದು ಯೋಚಿಸದೆಯೇ ಗೊತ್ತಾಗುತ್ತದೆ. ಬಂಡೆಯ ಪಕ್ಕ ಮುಳುಗುವವಳಿಗೆ ಅದು ಬೇಕೇ ಬೇಕು. ಅಲೆಯ ಲೆಕ್ಕ ತಿಳಿಯದವರನ್ನು ಸಮುದ್ರ ಬಂಡೆಗೆ ಉಜ್ಜುತ್ತದೆ, ಬಂಡೆಯ ಮೈತುಂಬ ಚಿಪ್ಪು.

ಇನ್ನು ಈಟಿಯ ವಿಷಯ.

ನಿನ್ನ ವಯಸ್ಸಿನಲ್ಲಿ ನಾನು ದೀಪಸ್ತಂಭದ ಬಂಡೆಗಳ ಹತ್ತಿರ ಪಚ್ಚಿಲೆ, ಅಂದರೆ ಬಂಡೆಗೆ ಅಂಟಿ ಬೆಳೆಯುವ ಚಿಪ್ಪು, ತೆಗೆಯಲು ಮುಳುಗುತ್ತಿದ್ದೆ. ಎರಡಾಳು, ಮೂರಾಳು ನೀರು. ಒಂದು ಕೈಯಲ್ಲಿ ಬಂಡೆ ಹಿಡಿದು, ಇನ್ನೊಂದು ಕೈಯಲ್ಲಿ ಕಬ್ಬಿಣದ ಪಟ್ಟಿಯಿಂದ ಪಚ್ಚಿಲೆಯ ನಾರು ಕೀಳಬೇಕು. ಜೊತೆಗಿದ್ದ ಒಬ್ಬ ನಮಗೆಲ್ಲರಿಗಿಂತ ಹೆಚ್ಚು ಹೊತ್ತು ಅಡಿಯಲ್ಲಿರುತ್ತಿದ್ದ. ಮುಳುಗುವ ಮುಂಚೆ ಬೇಗ ಬೇಗ ಉಸಿರಾಡುವುದು ಅವನ ಅಭ್ಯಾಸ. ಒಂದು ದಿನ ಮೇಲೆ ಬಂದ. ನಕ್ಕ. ಚೀಲ ನನ್ನ ಕಡೆ ಚಾಚಿದ. ಆಮೇಲೆ ತುಟಿ ನೀಲಿಯಾಯಿತು, ಕಣ್ಣು ಎಲ್ಲೋ ನೆಟ್ಟಿತು, ಮುಖ ನೀರಿಗೆ ವಾಲಿತು. ಪಕ್ಕದಲ್ಲೇ ಇದ್ದ ನಾವು ಮುಖ ಎತ್ತಿ ಹಿಡಿದು, ಕೆನ್ನೆ ತಟ್ಟಿ, ಹೆಸರು ಹಿಡಿದು ಕೂಗಿದೆವು. ಉಸಿರು ಬಂತು. "ಏನಾಯ್ತು, ಯಾಕೆ ಹಿಡ್ಕೊಂಡಿದ್ದೀರಿ" ಅಂತ ನಮ್ಮನ್ನೇ ಕೇಳಿದ. ಅವನಿಗೆ ಏನೂ ನೆನಪಿರಲಿಲ್ಲ.

ಯಾಕೆ ಹಾಗಾಗುತ್ತದೆ ಅಂತ ಆಮೇಲೆ ತಿಳಿಯಿತು. ಉಸಿರು ಬೇಕು ಅಂತ ಮೈ ಒದ್ದಾಡುವುದು ಆಮ್ಲಜನಕ ಕಡಿಮೆಯಾದದ್ದಕ್ಕಿಂತ ಮುಖ್ಯವಾಗಿ ಇಂಗಾಲದ ಡೈಆಕ್ಸೈಡ್ ಜಾಸ್ತಿಯಾದದ್ದಕ್ಕೆ. ಬೇಗ ಬೇಗ ಉಸಿರಾಡಿದರೆ ಆ ಅನಿಲ ಹೊರಟುಹೋಗುತ್ತದೆ, ಮೈ ಎಚ್ಚರಿಸುವುದನ್ನೇ ಮರೆಯುತ್ತದೆ. ಹತ್ತು ಮೀಟರ್ ಆಳದಲ್ಲಿ ಒತ್ತಡ ಮೇಲಿನದರ ಎರಡರಷ್ಟು, ಹಾಗಾಗಿ ಉಳಿದ ಸ್ವಲ್ಪ ಆಮ್ಲಜನಕವೂ ಅಲ್ಲಿ ಸಾಲುತ್ತದೆ. ಮೇಲೆ ಬರುತ್ತಾ ಒತ್ತಡ ಇಳಿದ ಹಾಗೆ ಅದು ಸಾಲದಾಗುತ್ತದೆ. ಹಾಗಾಗಿ ಜನ ಪ್ರಜ್ಞೆ ತಪ್ಪುವುದು ಹೆಚ್ಚಾಗಿ ಕೊನೆಯ ಕೆಲವು ಅಡಿಗಳಲ್ಲಿ, ಇಲ್ಲವೇ ಮೇಲೆ ಬಂದ ಮೇಲೆ. ಒಬ್ಬಳೇ ಇದ್ದರೆ ಅಲ್ಲಿಗೆ ಮುಗಿಯಿತು. ಎಷ್ಟೇ ಚೆನ್ನಾಗಿ ಈಜು ಬಂದರೂ ಅಷ್ಟೇ.

ಹಾಗಾಗಿ ಕೇಳು. ಒಬ್ಬಳೇ ಮುಳುಗಬಾರದು, ಯಾವತ್ತೂ. ಇಬ್ಬರು ಹೋದರೂ ಒಟ್ಟಿಗೆ ಮುಳುಗಬಾರದು. ಒಬ್ಬರು ಕೆಳಗೆ, ಒಬ್ಬರು ಮೇಲೆ, ಕಣ್ಣಿಟ್ಟು. ಮೇಲೆ ಬಂದವರನ್ನು ಅರ್ಧ ನಿಮಿಷ ನೋಡುತ್ತಲೇ ಇರಬೇಕು. ಎಷ್ಟು ಹೊತ್ತು ಅಡಿಯಲ್ಲಿದ್ದೆಯೋ ಅದರ ಎರಡರಷ್ಟಾದರೂ ಮೇಲೆ ವಿಶ್ರಾಂತಿ. ಮುಳುಗುವ ಮುಂಚೆ ಮಾಮೂಲಿ ಉಸಿರು, ಜೋರಾಗಿ ಬೇಡ. ಕಿವಿಗೆ ಒತ್ತಡ ತಿಳಿಯುವ ಮೊದಲೇ ಮೂಗು ಹಿಡಿದು ಮೆಲ್ಲಗೆ ಊದು. ಶೀತ ಇದ್ದ ದಿನ ದಡದಲ್ಲೇ ಇರು. ಬಣ್ಣದ ತೇಲುಬುರುಡೆ ಕಟ್ಟಿಕೊಂಡಿರು, ಇಂಜಿನ್ ದೋಣಿಯವರಿಗೆ ನಿನ್ನ ತಲೆ ಕಾಣುವುದಿಲ್ಲ. ಒಂದು ಚೂರಿ ಕಾಲಿಗಿರಲಿ, ಬಂಡೆಗಳಲ್ಲಿ ಹರಿದ ಬಲೆ ಸಿಕ್ಕಿಕೊಂಡಿರುತ್ತದೆ.

ಈಟಿ ಹಾರಿಸುವ ಗನ್ ತಗೋಬೇಡ. ನೀರು ತಿಳಿಯಾದರೂ ದಡದ ಹತ್ತಿರ ಕಾಣುವುದೇ ಕೆಲವು ಅಡಿ, ಆ ಮಬ್ಬಿನಲ್ಲಿ ನಿನ್ನ ಜೊತೆಯವಳ ಕಾಲು ಎಲ್ಲಿದೆ ಅಂತ ತಿಳಿಯದು. ಹಿಂದೆ ರಬ್ಬರ್ ಕುಣಿಕೆ ಇರುವ ಕೈ ಈಟಿ ಸಾಕು. ಕುಣಿಕೆಯನ್ನು ಹೆಬ್ಬೆರಳಿಗೆ ಸಿಕ್ಕಿಸಿ, ಎಳೆದು, ಕೋಲನ್ನು ಬಿಗಿಯಾಗಿ ಹಿಡಿಯುವುದು. ಕೈ ಸಡಿಲಿಸಿದರೆ ಹಾರುತ್ತದೆ. ಅದಕ್ಕೆ ಮೀನಿನ ತೀರ ಹತ್ತಿರ ಹೋಗಬೇಕು. ಹತ್ತಿರ ಹೋದರೆ ಅದು ಯಾವ ಮೀನು, ಎಷ್ಟು ದೊಡ್ಡದು ಅಂತ ಖಂಡಿತ ತಿಳಿಯುತ್ತದೆ.

ನಾನು ನಿನಗೆ ನಿಜವಾಗಿ ಹೇಳಬೇಕಾದದ್ದು ಇದನ್ನೇ. ನಿನ್ನ ಅಜ್ಜ ರಂಪಣಿ ಬಲೆ ಎಳೆದವರು, ಊರವರೆಲ್ಲ ಸೇರಿ ದಡದಿಂದ ಎಳೆಯುವ ದೊಡ್ಡ ಬಲೆ ಅದು. ಎಪ್ಪತ್ತರ ದಶಕದಲ್ಲಿ ಮೀನಿನ ಹಿಂಡನ್ನೇ ಬಲೆಯಿಂದ ಸುತ್ತುವರಿಯುವ ಪರ್ಸೀನ್ ದೋಣಿಗಳು ಬಂದವು, ರಂಪಣಿಗಳು ಒಂದೊಂದಾಗಿ ದಡ ಸೇರಿದವು. ದೋಣಿ ಎಳೆದೊಯ್ಯುವ ಟ್ರಾಲ್ ಬಲೆ, ರಾತ್ರಿ ದೀಪ ಹಾಕಿ ಹಿಡಿಯುವುದು, ಎಲ್ಲವನ್ನೂ ಈ ದಡ ನೋಡಿತು. ಯಾವ ಬಲೆಗೂ ಕಣ್ಣಿಲ್ಲ. ಮರಿಯೂ ಬರುತ್ತದೆ, ಮೊಟ್ಟೆ ಹೊತ್ತದ್ದೂ ಬರುತ್ತದೆ. ಈಟಿ ಹಿಡಿದವಳು ಮಾತ್ರ ಹೊಡೆಯುವ ಮುಂಚೆ ನೋಡಬಲ್ಲಳು. ನೋಡದೆ ಹೊಡೆಯುವುದಾದರೆ ಈಟಿ ಯಾಕೆ?

ಮುರು ಮೀನಿನ, ಅಂದರೆ ಗ್ರೂಪರ್‌ನ ಉದಾಹರಣೆಯನ್ನೇ ನೋಡು. ಬಂಡೆಯ ಬಿರುಕಿನಲ್ಲಿ ತಲೆ ಹೊರಗಿಟ್ಟು ನಿಂತಿರುತ್ತದೆ. ಕಿವಿರು ಮೆಲ್ಲಗೆ ತೆರೆದು ಮುಚ್ಚುತ್ತದೆ, ಕಣ್ಣು ಮಾತ್ರ ನಿನ್ನ ಕಡೆ ತಿರುಗುತ್ತದೆ. ಓಡುವುದಿಲ್ಲ. ಅದಕ್ಕೇ ಹೊಡೆಯಲು ತುಂಬಾ ಸುಲಭ, ಅದಕ್ಕೇ ಒಂದು ಬಂಡೆಯ ಮುರು ಮೀನೆಲ್ಲ ಬೇಗ ಖಾಲಿಯಾಗುವುದು. ಈ ಜಾತಿಯಲ್ಲಿ ಹೆಚ್ಚಿನವು ಹೆಣ್ಣಾಗಿ ಬೆಳೆದು, ದೊಡ್ಡದಾದ ಮೇಲೆ ಕೆಲವು ಗಂಡಾಗುತ್ತವೆ. ಮರಿ ಹೊಡೆದರೆ ಅದು ಒಮ್ಮೆಯೂ ಮೊಟ್ಟೆ ಇಟ್ಟಿರುವುದಿಲ್ಲ. ಎಲ್ಲಕ್ಕಿಂತ ದೊಡ್ಡದನ್ನು ಹೊಡೆದರೆ ಆ ಬಂಡೆಯ ಗಂಡು ಹೋಗುತ್ತದೆ. ನಡುವಿನದನ್ನು ಒಂದೇ ಒಂದು ತಗೋ, ಮುಂದಿನ ಸಲ ಬೇರೆ ಬಂಡೆಗೆ ಹೋಗು. ಕೆಂಬೇರಿ ಮೀನು ಸಿಕ್ಕರೆ ಇನ್ನೂ ಒಳ್ಳೆಯದು, ಅದು ನಿನಗಾಗಿ ಕಾಯುತ್ತಾ ನಿಲ್ಲುವುದಿಲ್ಲ. ಹೊಡೆದ ಮೇಲೆ ನರಳಲು ಬಿಡಬೇಡ, ಕಣ್ಣಿನ ಹಿಂದೆ ಮಿದುಳಿಗೆ ಚೂರಿ ಹಾಕು, ಕಿವಿರು ಕತ್ತರಿಸಿ ರಕ್ತ ಹೋಗಲು ಬಿಡು, ಐಸಿನಲ್ಲಿಡು. ಮಾಂಸವೂ ಕೆಡುವುದಿಲ್ಲ.

ದೈತ್ಯ ಗ್ರೂಪರ್, ತಿಮಿಂಗಿಲ ಶಾರ್ಕ್, ಕಡಲಾಮೆ, ಕಡಲಕುದುರೆ, ಹವಳ ಇವನ್ನೆಲ್ಲ 1972ರ ವನ್ಯಜೀವಿ ಕಾಯ್ದೆ ಕಾಪಾಡುತ್ತದೆ. ಮುಟ್ಟಬೇಡ. ಮುರುಡೇಶ್ವರದ ಹತ್ತಿರದ ನೇತ್ರಾಣಿ ದ್ವೀಪಕ್ಕೆ ಹೋದರೆ ಕ್ಯಾಮೆರಾ ಸಾಕು, ಈಟಿ ಮನೆಯಲ್ಲಿರಲಿ. ಹೊನ್ನಾವರದ ಅಪ್ಸರಕೊಂಡ-ಮುಗಳಿ ಕಡಲ ಅಭಯಾರಣ್ಯದಲ್ಲೂ ಹಾಗೆಯೇ. ಬೇರೆ ಕಡೆಯೂ ಇಳಿಯುವ ಮುಂಚೆ ಮೀನುಗಾರಿಕೆ ಇಲಾಖೆಯಲ್ಲಿ ಒಮ್ಮೆ ಕೇಳು, ಅಲ್ಲಿನ ಮೀನುಗಾರರನ್ನೂ ಕೇಳು. ಆ ನೀರಿನಲ್ಲಿ ಅವರ ಅನ್ನ ಇದೆ. ದಡದಲ್ಲಿ ಕೈರಂಪಣಿ ಎಳೆಯುತ್ತಿದ್ದರೆ ಹಲಗೆ ಬದಿಗಿಟ್ಟು ನೀನೂ ಹಗ್ಗಕ್ಕೆ ಕೈ ಹಾಕು.

ಮೊಣಕಾಲು ನೀರಿನಲ್ಲಿ ನಡೆಯುವಾಗ ಹೆಜ್ಜೆ ಎತ್ತಿ ಇಡಬೇಡ, ಕಾಲು ಜಾರಿಸುತ್ತಾ ಹೋಗು. ಹೊಯಿಗೆಯಲ್ಲಿ ಮಲಗಿದ ತೊರಕೆ, ಬಾಲದಲ್ಲಿ ಮುಳ್ಳಿರುವ ಚಪ್ಪಟೆ ಮೀನು, ಎದ್ದು ಹೋಗುತ್ತದೆ. ಅದರ ಮುಳ್ಳು ಚುಚ್ಚಿದರೆ ತಡೆಯಬಹುದಾದಷ್ಟು ಬಿಸಿ ನೀರಿನಲ್ಲಿ ಕಾಲಿಡಬೇಕು, ಉರಿ ಇಳಿಯುತ್ತದೆ. ಆಮೇಲೆ ಆಸ್ಪತ್ರೆಗೆ ಹೋಗಲೇಬೇಕು.

ಜನವರಿಯಲ್ಲಿ ನಿನ್ನ ಜೊತೆ ನಾನು ಬರುತ್ತೇನೆ. ಈಗ ನನಗೆ ಮುಳುಗುವ ಶಕ್ತಿ ಇಲ್ಲ, ಮೇಲೆ ಇದ್ದು ನಿನ್ನನ್ನು ನೋಡುವ ಶಕ್ತಿ ಚೆನ್ನಾಗಿಯೇ ಇದೆ. ಚಿಕ್ಕಪ್ಪನ ಪಾತಿ ದೋಣಿ ಕೇಳಿಟ್ಟಿದ್ದೇನೆ. ಅದಕ್ಕೂ ಮುಂಚೆ ಅಲ್ಲೇ ಬೆಂಗಳೂರಿನಲ್ಲಿ ಉಸಿರು ಹಿಡಿದು ಮುಳುಗುವುದನ್ನು ಕ್ರಮವಾಗಿ ಕಲಿಸುವವರು ಇದ್ದರೆ ಸೇರಿಕೋ. ಪ್ರಜ್ಞೆ ತಪ್ಪಿದವರನ್ನು ಎತ್ತುವುದು ಹೇಗೆ ಅಂತ ಅವರು ಕಲಿಸುತ್ತಾರೆ. ನಿನ್ನ ಗೆಳತಿಯೂ ಕಲಿಯಲಿ, ಅವಳು ಕಲಿಯದಿದ್ದರೆ ನೀನು ಕಲಿತದ್ದು ನಿನಗೆ ಉಪಯೋಗಕ್ಕೆ ಬರುವುದಿಲ್ಲ.

ಮಾಸ್ಕ್ ಕೊಳ್ಳುವಾಗ ಮೂಗು ಒಳಗೆ ಸೇರುವಂಥದ್ದು, ಚಿಕ್ಕದು ನೋಡು. ಪಟ್ಟಿ ಹಾಕದೆ ಮುಖಕ್ಕೆ ಒತ್ತಿ, ಮೂಗಿನಿಂದ ಉಸಿರೆಳೆ. ಕೈ ಬಿಟ್ಟರೂ ಬೀಳದಿದ್ದರೆ ಅದು ನಿನ್ನ ಮುಖಕ್ಕೆ ಸರಿ. ಬಸ್ಸು ಯಾವತ್ತಿಗೆ ಬುಕ್ ಮಾಡಿದ್ದೀ ಅಂತ ಅಮ್ಮನಿಗೆ ಹೇಳು.

ನಿನ್ನ,
ಅಪ್ಪ