ಒಂದು ವರ್ಷ ಆಯ್ತು, ಟೀಚರ್

ಇವತ್ತಿಗೆ ನಾನು ಕುಡಿತ ಬಿಟ್ಟು ಒಂದು ವರ್ಷ. ಮುಂಬೈ ಪಕ್ಕದ ಡೊಂಬಿವಲಿಯ ನಮ್ಮ ಬಿಲ್ಡಿಂಗಿನಲ್ಲಿ ನನ್ನ ಕಥೆ ಗೊತ್ತಿಲ್ಲದವರಿಲ್ಲ. ಅದಕ್ಕೇ ಎಲ್ಲರ ಮುಂದೆಯೇ ಥ್ಯಾಂಕ್ಸ್ ಹೇಳುತ್ತಿದ್ದೇನೆ.

ಮೊದಲು ಮೂರನೇ ಮಾಳಿಗೆಯ ಟೀಚರ್‌ಗೆ. ಮಂಗಳೂರು ಕಡೆಯವರು, ಪ್ರೊಟೆಸ್ಟಂಟ್ ಮನೆತನ. ಒಂದು ರಾತ್ರಿ ಲೋಕಲ್ ಇಳಿದು ಬಂದವನು ಮನೆಯೊಳಗೆ ಹೋಗುವ ಧೈರ್ಯ ಸಾಲದೆ ಮೆಟ್ಟಿಲ ಮೇಲೆ ಕೂತಿದ್ದೆ. ಒಳಗೆ ಕರೆದು ಚಹಾ ಕೊಟ್ಟರು. ಬುದ್ಧಿ ಹೇಳಲಿಲ್ಲ. ಹಳೆಯದೊಂದು ಕನ್ನಡ ಬೈಬಲ್, ಸತ್ಯವೇದ, ತೆಗೆದು, "ನನಗೆ ಕಣ್ಣು ಸರಿ ಕಾಣಲ್ಲ, ಮತ್ತಾಯನ ಮೊದಲನೇ ಅಧ್ಯಾಯ ಓದಪ್ಪ" ಅಂದರು.

ಮತ್ತಾಯ ಬರೆದ ಯೇಸುವಿನ ಕಥೆ ಅದು, ಆದರೆ ಶುರುವಿನಲ್ಲಿ ಬರೀ ಹೆಸರುಗಳು. ಇವನು ಅವನನ್ನು ಪಡೆದನು, ಅವನು ಇನ್ನೊಬ್ಬನನ್ನು ಪಡೆದನು. ಯೆಹೂದಿಗಳ ಮೂಲಪುರುಷ ಅಬ್ರಹಾಮನಿಂದ ಯೇಸುವಿನ ತನಕ, 14 ತಲೆಮಾರಿನ 3 ಕಂತು. ನಾನು ಚರ್ಚಿಗೆ ಹೋಗುವವನಲ್ಲ, ಇದರಲ್ಲಿ ನನಗೇನಿದೆ ಅನ್ನಿಸಿತು. "ನಿನ್ನ ಒಳಗೂ ಒಂದು ವಂಶ ಇದೆ. ನಿನ್ನ ಕುಡಿತದ ಅಪ್ಪ ಯಾರು, ಅಜ್ಜ ಯಾರು, ಹುಡುಕು" ಅಂದರು.

ದಿನಾ ರಾತ್ರಿ ಒಂದೊಂದು ಹೆಸರು ಓದಿ ಮಾತಾಡುತ್ತಿದ್ದೆವು. ಸಿಟ್ಟು ಕುಡಿತವನ್ನು ಪಡೆಯಿತು. ಅವಮಾನ ಸಿಟ್ಟನ್ನು ಪಡೆಯಿತು. ಅದರ ಹಿಂದೆ, ಯಾರಾದರೂ ನನಗೆ ಭೇಷ್ ಅನ್ನಲಿ ಅನ್ನುವ ಆಸೆ. ಅಲ್ಲಿಯವರೆಗೆ ಹೋಗಲು ನನಗೆ ಎರಡು ತಿಂಗಳು ಹಿಡಿಯಿತು.

ಯೆಹೂದನ ಹೆಸರು ಬಂದ ದಿನ ಟೀಚರ್ ಬೈಬಲಿನ ಮೊದಲ ಪುಸ್ತಕ ಆದಿಕಾಂಡಕ್ಕೆ ಹಿಂದಿರುಗಿದರು. ಅವನ ತಾಯಿ ಲೇಯ, ಗಂಡ ಯಾಕೋಬನ ಪ್ರೀತಿ ಸಿಗದವಳು. ಮೊದಲ ಮಗ ರೂಬೇನ ಹುಟ್ಟಿದಾಗ, ಇನ್ನಾದರೂ ಗಂಡ ಪ್ರೀತಿಸುತ್ತಾನೆ ಅಂದುಕೊಂಡಳು. ಎರಡನೆಯವನು ಸಿಮೆಯೋನ, ನನ್ನ ಸಂಕಟ ದೇವರಿಗೆ ಕೇಳಿಸಿತು ಅಂದಳು. ಮೂರನೆಯವನು ಲೇವಿ, ಈಗ ಗಂಡ ನನ್ನ ಜೊತೆ ಕೂಡುತ್ತಾನೆ ಅಂದಳು. ನಾಲ್ಕನೆಯವನೇ ಯೆಹೂದ. ಈ ಸಲ ಗಂಡನ ಮಾತೇ ಇಲ್ಲ. ಸುಮ್ನೆ ದೇವರನ್ನು ಕೊಂಡಾಡಿದಳು. ರಾಜ ದಾವೀದ, ಯೇಸು ಬಂದದ್ದು ಈ ನಾಲ್ಕನೆಯವನ ವಂಶದಲ್ಲಿ. ಆ ಪುಟದ ಮೇಲೆ ಕೈಯಿಟ್ಟು ನಾನು ಅತ್ತುಬಿಟ್ಟೆ. ನಾನೂ ಇನ್ನೊಬ್ಬರ ಮುಖ ನೋಡಿಯೇ ಬದುಕಿದವನು ಅಲ್ವಾ.

ನನ್ನ ಹೆಂಡತಿಗೆ ಏನು ಹೇಳಲಿ? ಮತ್ತಾಯನ ಪಟ್ಟಿಯಲ್ಲಿ ಸೊಲೊಮೋನನ ತಾಯಿ ಬತ್ಷೆಬೆಯ ಹೆಸರಿಲ್ಲ, ಊರೀಯನ ಹೆಂಡತಿ ಅಂತಿದೆ. ದಾವೀದ ಅವಳನ್ನು ಕೂಡಿ, ಆಮೇಲೆ ಯುದ್ಧಕ್ಕೆ ಕಳಿಸಿ ಸಾಯಿಸಿದ ಊರೀಯ. ಅಷ್ಟು ದೊಡ್ಡ ವಂಶದಲ್ಲೂ ಆ ತಪ್ಪನ್ನು ಒರೆಸಿಲ್ಲ. ನಾನೂ ಒರೆಸುವುದಿಲ್ಲ. ಮಗಳ ಫೀಸಿನ ದುಡ್ಡು ಕುಡಿದದ್ದು ನಾನೇ. ನೀನು ಬಳೆ ಅಡವಿಟ್ಟು ಕಟ್ಟಿದೆ.

ಮೊದಲ ವಾರ ಕೈ ನಡುಗುವಾಗ ನೋಡಿಕೊಂಡ ಡಾಕ್ಟರಿಗೂ ನಮಸ್ಕಾರ. ಅವರ ಔಷಧಿ ಇಲ್ಲದೆ ಓದಲು ಕೂರುವುದೇ ಆಗುತ್ತಿರಲಿಲ್ಲ.

ಈ ಹೆಸರುಗಳನ್ನು ಹೀಗೆ ಒಳಗಿನ ಗುಣಗಳಾಗಿ ಓದುವುದು ಹೊಸದಲ್ಲ. ಸುಮಾರು 2000 ವರ್ಷದ ಹಿಂದೆ ಈಜಿಪ್ಟಿನ ಅಲೆಕ್ಸಾಂಡ್ರಿಯದ ಫಿಲೋ ಎಂಬ ಯೆಹೂದಿ ಪಂಡಿತರು ಅಬ್ರಹಾಮನನ್ನು ಕಲಿಕೆ, ಅವನ ಮಗ ಇಸಾಕನನ್ನು ಹುಟ್ಟುಗುಣ, ಮೊಮ್ಮಗ ಯಾಕೋಬನನ್ನು ಅಭ್ಯಾಸ ಅಂತ ಓದಿದ್ದರಂತೆ. ನನ್ನದು ಯಾಕೋಬನ ದಾರಿ. ಸಂಜೆ ಸ್ಟೇಷನ್ನಿನ ಇನ್ನೊಂದು ಬದಿಗೆ ಇಳಿದು, ಬಾರ್ ತಪ್ಪಿಸಿ, ಸುತ್ತು ಹಾಕಿಕೊಂಡು ಬರುತ್ತೇನೆ. ಇವತ್ತೂ ಹಾಗೇ ಬಂದೆ.

ಟೀಚರ್, ನಾಳೆಯಿಂದ ಯೇಸುವಿನ ಕಥೆ ಬರೆದ ಇನ್ನೊಬ್ಬ, ಲೂಕನ ಪಟ್ಟಿ ಅಂದಿದ್ದೀರಿ. ಅದು ಯೇಸುವಿನಿಂದ ಹಿಂದಕ್ಕೆ ಮೊದಲ ಮನುಷ್ಯ ಆದಾಮನ ತನಕ ಹೋಗುತ್ತದಂತೆ. ಚಹಾ ನಮ್ಮ ಮನೆಯಿಂದಲೇ ತರುತ್ತೇನೆ.