ಬಿಪಿ ಮೆಷಿನ್ನಿನ ಮೂರನೇ ಸಾಲು: ನಮ್ಮ ಶಾಸಕರಿಗೊಂದು ಬಹಿರಂಗ ಪತ್ರ

ಮಾನ್ಯ ಶಾಸಕರೇ,

ನಮಸ್ಕಾರ. ನಾನು ನಿಮ್ಮ ಕ್ಷೇತ್ರದ ಮತದಾರ. ಎರಡು ಎಕರೆ ಅಡಿಕೆ ತೋಟ ಇದೆ. ಬೆಳಿಗ್ಗೆ, ಸಂಜೆ ಊರಿನ ಹಾಲಿನ ಡೈರಿಯಲ್ಲಿ ಲೆಕ್ಕ ಬರೆಯುತ್ತೇನೆ. ರಸ್ತೆ, ಎಲೆಚುಕ್ಕಿ ರೋಗದ ಪರಿಹಾರ, ಮೊಬೈಲ್ ಟವರ್ ಅಂತ ನಿಮಗೆ ಬಂದ ಅರ್ಜಿಗಳೇ ಒಂದು ಕಪಾಟು ತುಂಬಿರಬಹುದು. ಇದು ಆ ಸಾಲಿನದ್ದಲ್ಲ. ಬಿಪಿ ನೋಡುವ ಮೆಷಿನ್ನಿನಲ್ಲಿ ಎಲ್ಲಕ್ಕಿಂತ ಕೆಳಗೆ ಕಾಣುವ ಅಂಕಿಯ ವಿಷಯ.

ಆ ಮೆಷಿನ್ ನೀವೂ ನೋಡಿರುತ್ತೀರಿ. ತೋಳಿಗೆ ಪಟ್ಟಿ ಸುತ್ತಿ ಗುಂಡಿ ಒತ್ತಿದರೆ ಗುರ್ ಅಂತ ಗಾಳಿ ತುಂಬುತ್ತದೆ, ಆಮೇಲೆ ಮೂರು ಸಾಲು ಬರುತ್ತದೆ. ಮೊದಲನೆಯದು ಮೇಲಿನ ಬಿಪಿ, ಎರಡನೆಯದು ಕೆಳಗಿನ ಬಿಪಿ. ಮೂರನೆಯದು ನಾಡಿ, ಅಂದರೆ ನಿಮಿಷಕ್ಕೆ ಎದೆ ಎಷ್ಟು ಸಲ ಬಡಿಯಿತು ಅನ್ನೋದು. ನನ್ನ ಅಮ್ಮನ ಬಿಪಿ ಪುಸ್ತಕದಲ್ಲಿ ಎರಡೂವರೆ ವರ್ಷದ ಲೆಕ್ಕ ಇದೆ. ಪ್ರತಿ ತಿಂಗಳೂ ಎರಡೇ ಅಂಕಿ. ಮೂರನೆಯದಕ್ಕೆ ಅದರಲ್ಲಿ ಜಾಗವೇ ಇಲ್ಲ.

ಅಮ್ಮನಿಗೆ 58. ಬಿಪಿ ಇದೆ ಅಂತ ಗೊತ್ತಾದಾಗ 150ಕ್ಕೆ 102 ಇತ್ತು. ಮಾತ್ರೆ ಶುರುವಾಯಿತು. ಇಳಿಯಲಿಲ್ಲ. ಇನ್ನೊಂದು ಮಾತ್ರೆ ಸೇರಿತು. ಆಮೇಲೆ ಅಟೆನೊಲಾಲ್ ಬಂತು. ಈ ನಡುವೆ ಅಮ್ಮನಿಗೆ ಸುಸ್ತು ಜಾಸ್ತಿಯಾಯಿತು, ದನಿ ಒಡೆದ ಹಾಗಾಯಿತು. ಏಪ್ರಿಲ್ ತಿಂಗಳಲ್ಲೂ ಸ್ವೆಟರ್ ಹಾಕಿಕೊಂಡು ಬಚ್ಚಲ ಒಲೆ ಮುಂದೆ ಕೂರುತ್ತಿದ್ದರು. ಮಲೆನಾಡಿನಲ್ಲಿ ಒಲೆ ಮುಂದೆ ಕೂತವರನ್ನು ಯಾರು ಅನುಮಾನಿಸ್ತಾರೆ ಹೇಳಿ? ಮುಖ ಊದಿಕೊಂಡಿದ್ದನ್ನು ನೋಡಿ ಅತ್ತೆ, "ಸೊಸೆ ಬಂದ ಮೇಲೆ ನಿನ್ನ ಅಮ್ಮ ದುಂಡಗಾದಳು ಕಣೋ" ಅಂತ ನಗಾಡಿದ್ದರು.

ಒಂದು ದಿನ ತೋಟದಿಂದ ಮನೆಗೆ ದರೆ ಹತ್ತುವಾಗ ಅಮ್ಮ ಮೂರು ಕಡೆ ಕೂತರು. ಕಾಲಿನ ಮೇಲೆ ಬೆರಳು ಒತ್ತಿದರೆ ಗುಳಿ ಬೀಳುತ್ತಿತ್ತು. ಶಿವಮೊಗ್ಗಕ್ಕೆ ಕರೆದುಕೊಂಡು ಹೋದೆವು. ಅಲ್ಲಿನ ಡಾಕ್ಟರು ಬಿಪಿ ನೋಡುವ ಮೊದಲು ಮಣಿಕಟ್ಟು ಹಿಡಿದುಕೊಂಡು ಗೋಡೆ ಗಡಿಯಾರ ನೋಡಿದರು. ನಾಡಿ 46, ತೀರಾ ನಿಧಾನ. ಎಕೋದಲ್ಲಿ, ಅಂದರೆ ಹೃದಯದ ಸ್ಕ್ಯಾನಿಂಗಿನಲ್ಲಿ, ಹೃದಯದ ಗೋಡೆ ದಪ್ಪ ಆಗಿತ್ತು, ಹೃದಯದ ಸುತ್ತಲಿನ ಚೀಲದಲ್ಲಿ ನೀರು ತುಂಬಿತ್ತು. ಟಿಎಸ್‌ಎಚ್ ಅಂತ ಥೈರಾಯ್ಡ್ ನೋಡುವ ರಕ್ತಪರೀಕ್ಷೆ ಇದೆ, ಥೈರಾಯ್ಡ್ ಕಡಿಮೆಯಾದರೆ ಅದರ ಅಂಕಿ ಏರುತ್ತದೆ; ಅಮ್ಮನದು 80 ದಾಟಿತ್ತು. ಅದು ಸಾಮಾನ್ಯವಾಗಿ ನಾಲ್ಕರ ಆಸುಪಾಸಿನ ಒಳಗೇ ಇರಬೇಕಾದ ಅಂಕಿ.

ಮನೆಗೆ ಬಂದ ರಾತ್ರಿ ನನ್ನ ಫೋನ್ ತೆಗೆದು ನೋಡಿದೆ. ಬೆಂಗಳೂರಿನ ತಮ್ಮನಿಗೆ ಕಳಿಸಲು ಬಿಪಿ ಮೆಷಿನ್ನಿನ ಫೋಟೋ ತೆಗೆಯುತ್ತಿದ್ದೆ. ಎಲ್ಲಾ ಫೋಟೋದಲ್ಲೂ ಮೂರನೇ ಸಾಲು ಇದೆ. 58, 54, 55, 50, 48. ನನ್ನ ಕಣ್ಣೆದುರೇ ಇತ್ತು. ಡೈರಿಯಲ್ಲಿ ಒಂದೊಂದು ಹಸುವಿನ ಹಾಲಿಗೂ ಫ್ಯಾಟ್ ಎಷ್ಟು, ಎಸ್‌ಎನ್‌ಎಫ್ (ಕೊಬ್ಬು ಬಿಟ್ಟು ಉಳಿದ ಗಟ್ಟಿ ಅಂಶ) ಎಷ್ಟು ಅಂತ ಪಾಯಿಂಟ್ ಲೆಕ್ಕದಲ್ಲಿ ಬರೆಯುವವ ನಾನು. ಹಾಗಾಗಿ ಇಲ್ಲಿ ಯಾವ ಆಸ್ಪತ್ರೆಯನ್ನೂ, ಯಾವ ಸಿಬ್ಬಂದಿಯನ್ನೂ ಹೆಸರು ಹಿಡಿದು ದೂರುವುದಿಲ್ಲ. ದೂರುವುದಾದರೆ ನನ್ನಿಂದ ಶುರು ಮಾಡಬೇಕು.

ಬಿಪಿ, ಥೈರಾಯ್ಡ್, ಹೃದಯ ಈ ಮೂರಕ್ಕೂ ಏನು ನಂಟು ಅಂತ ನನಗೂ ಗೊತ್ತಿರಲಿಲ್ಲ. ಡಾಕ್ಟರು ಹೇಳಿದ್ದನ್ನು ನನಗೆ ಅರ್ಥವಾದ ಹಾಗೆ ಹೇಳುತ್ತೇನೆ. ತೋಟದ ಪಂಪ್‌ಸೆಟ್ ನೆನೆಸಿಕೊಳ್ಳಿ. ಪೈಪ್ ಬಿಗಿಯಾಗಿ ಒಳಗೆ ಒತ್ತಡ ಏರಿದರೆ ಮೋಟರಿಗೆ ಭಾರ. ಅದು ಬಿಪಿ. ಹೃದಯ ದಿನಕ್ಕೆ ಹತ್ತಿರ ಹತ್ತಿರ ಒಂದು ಲಕ್ಷ ಸಲ ಬಡಿಯುತ್ತದೆ. ಪ್ರತಿ ಸಲವೂ ಜಾಸ್ತಿ ಒತ್ತಡದ ಎದುರು ತಳ್ಳಬೇಕಾದರೆ, ಮೂಟೆ ಹೊತ್ತವನ ತೋಳಿನ ಹಾಗೆ ಅದರ ಎಡ ಕೋಣೆಯ ಮಾಂಸ ದಪ್ಪ ಆಗುತ್ತದೆ. ತೋಳು ದಪ್ಪ ಆದರೆ ಒಳ್ಳೆಯದು, ಹೃದಯ ದಪ್ಪ ಆದರೆ ಅಲ್ಲ. ಬಿರುಸಾದ ಗೋಡೆ ಸಡಿಲವಾಗಿ ರಕ್ತ ತುಂಬಿಕೊಳ್ಳುವುದಿಲ್ಲ. ಏದುಸಿರು ಶುರುವಾಗುವುದು ಅಲ್ಲಿಂದ.

ಥೈರಾಯ್ಡ್ ಅಂದರೆ ವೋಲ್ಟೇಜ್. ಕತ್ತಿನ ಮುಂಭಾಗದಲ್ಲಿ ಚಿಟ್ಟೆ ರೆಕ್ಕೆ ಬಿಚ್ಚಿದ ಹಾಗಿರುವ ಗ್ರಂಥಿ ಅದು. ಅದರ ಹಾರ್ಮೋನು ಕಡಿಮೆಯಾದರೆ ಹೃದಯ ನಿಧಾನ, ರಕ್ತನಾಳ ಬಿಗಿ. ಹಾಗಾಗಿ ಕೆಳಗಿನ ಬಿಪಿ ಏರುತ್ತದೆ. ಕೆಟ್ಟ ಕೊಲೆಸ್ಟರಾಲ್ ಕೂಡ ಏರಿ ನಾಳದ ಒಳಗೆ ಕೂರುತ್ತದೆ. ಲೋ ವೋಲ್ಟೇಜಿನಲ್ಲಿ ಮೋಟರ್ ಗುಂಯ್ ಅನ್ನುತ್ತಾ ನಿಲ್ಲುವುದನ್ನು ನಮ್ಮ ಕಡೆಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ, ನಿಮಗೂ ಆ ಅರ್ಜಿ ಬಂದಿರುತ್ತದೆ. ಅಮ್ಮನ ವಿಷಯದಲ್ಲಿ ಇನ್ನೂ ಒಂದು ಎಡವಟ್ಟಾಯಿತು. ಅಟೆನೊಲಾಲ್ ಕೂಡ ನಾಡಿಯನ್ನು ನಿಧಾನ ಮಾಡುವ ಮಾತ್ರೆ. ಮೊದಲೇ ಕುಂಟುತ್ತಿದ್ದ ಮೋಟರಿಗೆ ನಾವು ಬ್ರೇಕ್ ಹಾಕಿದ್ದೆವು.

ಹೈ ವೋಲ್ಟೇಜ್ ಆದವರೂ ಇದ್ದಾರೆ. ನನ್ನ ಚಿಕ್ಕಪ್ಪನಿಗೆ ಆಗಿದ್ದು ಅದು. ಆರು ತಿಂಗಳಲ್ಲಿ ಪಂಚೆ ಸಡಿಲ ಆಗುವಷ್ಟು ಇಳಿದುಹೋದರು. ಅಡಿಕೆ ಸುಲಿಯುವಾಗ ಕೈ ನಡುಗುತ್ತಿತ್ತು. ಊರಲ್ಲಿ ಎಲ್ಲರೂ ಶುಗರ್ ಇರಬೇಕು ಅಂದರು. ಇದ್ದದ್ದು ಥೈರಾಯ್ಡ್ ಜಾಸ್ತಿ. ಮೇಲಿನ ಬಿಪಿ ಏರಿತ್ತು, ಕೆಳಗಿನದು ಇಳಿದಿತ್ತು, ನಾಡಿ ಲಯ ತಪ್ಪಿ ಓಡುತ್ತಿತ್ತು. ಹಾಗೆ ಲಯ ತಪ್ಪಿದ ಹೃದಯದ ಮೇಲಿನ ಕೋಣೆಯಲ್ಲಿ ರಕ್ತ ಹೆಪ್ಪುಗಟ್ಟಬಹುದು. ಆ ಹೆಪ್ಪು ಮಿದುಳಿಗೆ ಹೋದರೆ ಲಕ್ವ. ಚಿಕ್ಕಪ್ಪ ಬಚಾವಾದರು. ವಯಸ್ಸಾದವರಲ್ಲಿ ಕೆಲವೊಮ್ಮೆ ಬೇರೇನೂ ಲಕ್ಷಣ ಇರುವುದಿಲ್ಲವಂತೆ, ನಾಡಿ ಒಂದೇ ಸುಳಿವು.

2025ರ ಜೂನ್–ಜುಲೈಯಲ್ಲಿ ಹಾಸನದ ಹೃದಯಾಘಾತದ ಸುದ್ದಿ ಬಂದಾಗ ನಿಮಗೂ ಫೋನ್ ಮೇಲೆ ಫೋನ್ ಬಂದಿರಬೇಕು. ಜನ ಗಾಬರಿಬಿದ್ದು ಜಯದೇವ ಆಸ್ಪತ್ರೆ ಮುಂದೆ ಸಾಲು ನಿಂತರು. ಸರ್ಕಾರ ತಜ್ಞರ ಸಮಿತಿ ಮಾಡಿತು. ಎದೆನೋವು ಬಂದವರಿಗೆ ತಾಲ್ಲೂಕು ಮಟ್ಟದಲ್ಲೇ ಇಸಿಜಿ ತೆಗೆದು, ಹೆಪ್ಪು ಕರಗಿಸುವ ಇಂಜೆಕ್ಷನ್ ಕೊಡಲು ಪುನೀತ್ ರಾಜ್‌ಕುಮಾರ್ ಹೆಸರಿನ ಹೃದಯ ಜ್ಯೋತಿ ಯೋಜನೆ ಇದೆ. ಒಳ್ಳೆಯ ಕೆಲಸ, ಸುಮ್ನೆ ಹೊಗಳುತ್ತಿಲ್ಲ. ಆದರೆ ಅದು ಬೆಂಕಿ ಬಿದ್ದ ಮೇಲಿನ ನೀರು. ಎರಡು ವರ್ಷ ಹೊಗೆ ಆಡುತ್ತಿದ್ದುದನ್ನು ನೋಡುವವರು ಬೇಕಲ್ವಾ?

ಆಶಾ ಅಕ್ಕಂದಿರು ಮನೆ ಮನೆಗೆ ಬರುತ್ತಾರೆ. 30 ದಾಟಿದವರಿಗೆ ಬಿಪಿ, ಶುಗರ್ ಮತ್ತು ಬಾಯಿ, ಸ್ತನ, ಗರ್ಭಕೊರಳಿನ ಕ್ಯಾನ್ಸರ್ ತಪಾಸಣೆ ರಾಷ್ಟ್ರೀಯ ಕಾರ್ಯಕ್ರಮದಲ್ಲಿದೆ. ಅದಕ್ಕೆ ಊರಿಗೆಲ್ಲಾ ಥೈರಾಯ್ಡ್ ಪರೀಕ್ಷೆಯನ್ನೂ ಸೇರಿಸಿ ಅಂತ ನಾನು ಕೇಳುತ್ತಿಲ್ಲ. ಬಿಪಿ ಹೊಸದಾಗಿ ಬಂದವರಿಗೆ ಒಂದು ಸಲ ಟಿಎಸ್‌ಎಚ್ ಮಾಡಿಸಿ. ಮಾತ್ರೆಗೆ ಬಗ್ಗದ ಬಿಪಿ ಇದ್ದವರಿಗೂ, ನಾಡಿ ತೀರಾ ನಿಧಾನ, ತೀರಾ ಜೋರು ಅಥವಾ ಲಯ ತಪ್ಪಿದವರಿಗೂ ಮಾಡಿಸಿ. ಇದು ನನ್ನ ತಲೆಯಿಂದ ಹುಟ್ಟಿದ್ದಲ್ಲ. ಅಮೆರಿಕದ ಹೃದಯ ತಜ್ಞರ ಸಂಘಗಳ 2017ರ ಬಿಪಿ ಮಾರ್ಗಸೂಚಿಯಲ್ಲಿ ಮೂಲ ಪರೀಕ್ಷೆಗಳ ಪಟ್ಟಿಯಲ್ಲೇ ಟಿಎಸ್‌ಎಚ್ ಇದೆ. ಥೈರಾಯ್ಡ್ ತೊಂದರೆ ಗಂಡಸರಿಗಿಂತ ಹೆಂಗಸರಲ್ಲಿ ಎಷ್ಟೋ ಪಟ್ಟು ಜಾಸ್ತಿ. ನಮ್ಮ ಕಡೆ ಆಸ್ಪತ್ರೆಗೆ ಕೊನೆಯಲ್ಲಿ ಹೋಗುವವರೂ ಅವರೇ. ಹಸು ಕರೆದು, ಅಡಿಗೆ ಮುಗಿಸಿ, ಬಸ್ಸು ತಪ್ಪಿಸಿಕೊಂಡು.

ಬಸ್ಸಿನ ಮಾತು ಬಂತು. ಟಿಎಸ್‌ಎಚ್ ಮಾಡಿಸಲು ನಮ್ಮೂರಿನವರು ಮೊದಲ ಬಸ್ಸಿಗೆ ಪೇಟೆಗೆ ಹೋಗುತ್ತಾರೆ, ಅದೂ ಖಾಲಿ ಹೊಟ್ಟೆಯಲ್ಲಿ. ಬರೀ ಟಿಎಸ್‌ಎಚ್‌ಗೆ ಖಾಲಿ ಹೊಟ್ಟೆ ಬೇಕಾಗೇ ಇಲ್ಲ ಅಂತ ಯಾರೂ ಹೇಳುವುದಿಲ್ಲ. ಒಂದು ದಿನದ ಕೂಲಿ ಹೋಯಿತು, ರಿಪೋರ್ಟ್ ತರಲು ಇನ್ನೊಂದು ದಿನ. ನಮ್ಮೂರ ಹಾಲು ನೋಡಿ. ದಿನಾ ಮಾಚೇನಹಳ್ಳಿ ಡೈರಿಗೆ ಹೋಗುತ್ತದೆ, ಆಗುಂಬೆ ಕಡೆಯ ಮಳೆ ಸುರಿಯುವಾಗಲೂ ಕೆಡದೆ ಹೋಗುತ್ತದೆ. ರಕ್ತದಿಂದ ಬೇರೆ ಮಾಡಿದ ಸೀರಂ ತಣ್ಣಗಿಟ್ಟರೆ ಒಂದೆರಡು ದಿನ ಕೆಡುವುದಿಲ್ಲ. ಹಸುವಿನ ಹಾಲು ಹೋಗುವ ದಾರಿಯಲ್ಲಿ ಹೆಂಗಸಿನ ರಕ್ತದ ಶೀಷೆ ಹೋಗಲಿಕ್ಕೆ ಏನು ಅಡ್ಡಿ? ತಿಂಗಳಿಗೆ ಒಂದು ದಿನ ಸಾಕು. ರೋಗಿ ಊರಲ್ಲಿರಲಿ, ಶೀಷೆ ಓಡಾಡಲಿ.

ಮಾತ್ರೆಯೂ ದೊಡ್ಡ ಖರ್ಚಿನದ್ದಲ್ಲ. ಥೈರಾಯ್ಡ್ ಕಡಿಮೆ ಇರುವವರಿಗೆ ಕೊಡುವ ಲೆವೋಥೈರಾಕ್ಸಿನ್ ದೇಶದ ಅಗತ್ಯ ಔಷಧಿಗಳ ಪಟ್ಟಿಯಲ್ಲೇ ಇದೆ. ಒಂದು ತಿಂಗಳು ಸಿಕ್ಕಿ ಮುಂದಿನ ತಿಂಗಳು "ಸ್ಟಾಕ್ ಇಲ್ಲ" ಅನ್ನುವ ಹಾಗಾಗಬಾರದು. ಇದು ಹೆಚ್ಚಿನವರು ಜೀವನಪೂರ್ತಿ ನುಂಗಬೇಕಾದ ಮಾತ್ರೆ. ಹಾಗೇ, ಹೇಗೆ ನುಂಗಬೇಕು ಅಂತ ಹೇಳುವವರೂ ಬೇಕು. ಅಮ್ಮ ಮೊದಲ ಎರಡು ತಿಂಗಳು ಮಾತ್ರೆಯನ್ನು ಕಾಫಿ ಜೊತೆ ನುಂಗುತ್ತಿದ್ದರು. ಕಾಫಿ ಜೊತೆ ಹೋದರೆ ಅದು ಸರಿಯಾಗಿ ಮೈಗೆ ಹತ್ತುವುದಿಲ್ಲ. ಕಬ್ಬಿಣದ ಮಾತ್ರೆ, ಕ್ಯಾಲ್ಸಿಯಂ ಮಾತ್ರೆ ಇದ್ದರೆ ನಾಲ್ಕು ಗಂಟೆ ಅಂತರ ಬೇಕು. ಈಗ ಹಾಲು ಕರೆಯಲು ಎದ್ದ ಕೂಡಲೇ ಮಾತ್ರೆ, ಡೈರಿಗೆ ಹಾಲು ಹಾಕಿ ಬಂದ ಮೇಲೆ ಕಾಫಿ.

ಡಾಕ್ಟರು 25 ಮೈಕ್ರೋಗ್ರಾಮಿನಿಂದ ಶುರು ಮಾಡಿದರು. ಸೋತ ಹೃದಯಕ್ಕೆ ಒಮ್ಮೆಲೇ ಜಾಸ್ತಿ ಕೊಟ್ಟರೆ ಎದೆನೋವು ಬರಬಹುದು ಅಂತ ಆರಾರು ವಾರಕ್ಕೆ ರಕ್ತ ನೋಡಿ ಏರಿಸಿದರು. ಎಂಟು ತಿಂಗಳಾಯಿತು. ಹೃದಯದ ಸುತ್ತಲಿನ ನೀರು ಹೋಗಿದೆ. ಮೂರು ಬಿಪಿ ಮಾತ್ರೆ ಇದ್ದದ್ದು ಒಂದಕ್ಕೆ ಬಂದಿದೆ. ಗೋಡೆಯ ದಪ್ಪ ಮಾತ್ರ ಪೂರ್ತಿ ಇಳಿದಿಲ್ಲ.

ಬಿಪಿ ಪುಸ್ತಕದಲ್ಲಿ ನಾಡಿಗೆ ಒಂದು ಕಾಲಂ ಹಾಕಿಸಿ ಅಂತ ನಾನು ಒಬ್ಬ ಅಧಿಕಾರಿಯನ್ನು ಕೇಳಿದ್ದೆ. "ಮೇಲಿನಿಂದ ಹೀಗೇ ಪ್ರಿಂಟ್ ಆಗಿ ಬರೋದು ರೀ" ಅಂದರು. ಆ ಮೇಲು ಎಲ್ಲಿದೆ ಅಂತ ನನಗೆ ಗೊತ್ತಿಲ್ಲ, ನಿಮಗೆ ಗೊತ್ತಿರುತ್ತದೆ. ಅಲ್ಲಿಗೆ ಒಂದು ಫೋನ್ ಮಾಡಿ. ಕಾಲಂ ಬರುವವರೆಗೆ ಪಕ್ಕದಲ್ಲಿ ಪೆನ್ನಿನಿಂದ ಬರೆಯಿರಿ ಅಂತ ನಮ್ಮ ಆಶಾ ಅಕ್ಕನಿಗೆ ಹೇಳಿದ್ದೇನೆ, ಅವರು ಬರೆಯುತ್ತಿದ್ದಾರೆ. ಸೊರಬದ ಕ್ಯಾಸನೂರಿನಲ್ಲಿ 1957ರಲ್ಲಿ ಕಾಣಿಸಿಕೊಂಡ ಮಂಗನ ಕಾಯಿಲೆಯ ಭಯದಿಂದ, ಕಾಡಿನಲ್ಲಿ ಮಂಗ ಸತ್ತರೆ ತಕ್ಷಣ ಸುದ್ದಿ ಮುಟ್ಟಿಸಲು ಕಲಿತ ಜನ ನಾವು. ಒಂದು ಅಂಕಿ ಬರೆಯಲು ಕಲಿಯುವುದು ಕಷ್ಟವೇನಲ್ಲ.

ರಕ್ತ ತೆಗೆಯಲು ಜಾಗ ಇಲ್ಲ ಅನ್ನುವ ಉತ್ತರ ಬಂದರೆ, ಡೈರಿ ಕಟ್ಟಡ ಬೆಳಿಗ್ಗೆ ಒಂಬತ್ತರ ಮೇಲೆ ಖಾಲಿ ಇರುತ್ತದೆ. ಮೇಜು ಇದೆ, ಫ್ಯಾನ್ ಇದೆ, ಕರೆಂಟ್ ಹೋದರೆ ಯುಪಿಎಸ್ ಇದೆ. ಸಂಘದ ಅಧ್ಯಕ್ಷರನ್ನು ಕೇಳಿಯೇ ಬರೆಯುತ್ತಿದ್ದೇನೆ. ಬೀಗದ ಕೈ ನನ್ನ ಹತ್ತಿರವೇ ಇರುತ್ತದೆ.

ಇಂತಿ,
ನಿಮ್ಮ ಕ್ಷೇತ್ರದ ಒಬ್ಬ ಮತದಾರ
ಶಿವಮೊಗ್ಗ ಜಿಲ್ಲೆ